ನಿರಂಕುಶ ದೊರೆಗೂ ಅಂಕುಶವಿತ್ತು

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಯುರೋಪಿನ ಇತಿಹಾಸದಲ್ಲಿ ಧರ್ಮಯುದ್ಧ ಒಂದು ಅಧ್ಯಾಯ, ವಾಣಿಜ್ಯವಾದ ಇನ್ನೊಂದು, ನಿರಂಕುಶ ಪ್ರಭುತ್ವ ಮತ್ತೊಂದು. ಇವು ಒಂದಕ್ಕೊಂದು ಹೇಗೆ ಕೂಡುತ್ತವೆ? ‘ರಾಜ್ಯವೆಂದರೆ ನಾನೇ’ ಎಂದು ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಹೇಳಿದ್ದು ನಿಜವೇ?

ಉತ್ತರ: ಕೊನೆಯದನ್ನು ಮೊದಲು ಮುಗಿಸೋಣ. ಲೂಯಿ ಆ ಮಾತು ಆಡಿದ್ದಕ್ಕೆ ಅವನ ಕಾಲದ ಆಧಾರವಿಲ್ಲ. ಬರೆದರೆ ಅಂಕ ಸಿಗಬಹುದು, ಅದು ಬೇರೆ ವಿಷಯ.

ಮೂರರ ನಂಟು ನೋಡಲು ಫ್ರಾನ್ಸ್ ಒಂದೇ ಸಾಕು. 1562ರಿಂದ 1598ರವರೆಗೆ ಅಲ್ಲಿ ಕ್ಯಾಥೊಲಿಕರಿಗೂ ಹ್ಯೂಗೆನಾಟರೆಂಬ ಪ್ರಾಟೆಸ್ಟೆಂಟರಿಗೂ ಬಿಟ್ಟುಬಿಟ್ಟು ಕಾಳಗ ನಡೆಯಿತು. 1572ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಹ್ಯೂಗೆನಾಟರನ್ನು ಹುಡುಕಿ ಹುಡುಕಿ ಕೊಂದರು. 1589ರಲ್ಲಿ ದೊರೆ ಮೂರನೇ ಹೆನ್ರಿಯನ್ನು ಇರಿದು ಕೊಂದವನು ಒಬ್ಬ ಕ್ಯಾಥೊಲಿಕ್ ಸನ್ಯಾಸಿ. ಕಾನೂನು ಮಾಡುವ ಅಧಿಕಾರ ಒಂದೇ ಕಡೆ ಇರಬೇಕು, ಅದನ್ನು ಹಂಚಬಾರದು ಎಂದು ನ್ಯಾಯಶಾಸ್ತ್ರಜ್ಞ ಜಾನ್ ಬೋದಿನ್ 1576ರಲ್ಲಿ ಬರೆದದ್ದು ಈ ಗಲಭೆಯ ನಡುವೆಯೇ. ದೊರೆ ಬಿಗಿಯಾಗಿದ್ದರೆ ಸಾಕು, ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದು ಜನರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ದೊರೆ ನಾಲ್ಕನೇ ಹೆನ್ರಿ 1598ರ ನಾಂಟ್ ಶಾಸನದಲ್ಲಿ ಹ್ಯೂಗೆನಾಟರಿಗೆ ಪೂಜೆಯ ಹಕ್ಕನ್ನೂ ಕೆಲವು ಕೋಟೆಗಳನ್ನೂ ಕೊಟ್ಟ. ಮಂತ್ರಿ ರಿಶೆಲ್ಯೂ 1628ರಲ್ಲಿ ಲಾ ರೊಶೆಲ್ ಪಟ್ಟಣವನ್ನು ಹಸಿವಿನಿಂದ ಮಣಿಸಿದ; ಮರುವರ್ಷ ಹ್ಯೂಗೆನಾಟರ ಕೋಟೆಗಳನ್ನು ಕಿತ್ತುಕೊಂಡ, ಪೂಜೆಯ ಹಕ್ಕನ್ನು ಮುಟ್ಟಲಿಲ್ಲ. ಅವನೇ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಗುರು, ಆದರೂ 1635ರಲ್ಲಿ ಪ್ರಾಟೆಸ್ಟೆಂಟ್ ಸ್ವೀಡನ್ನಿನ ಜೊತೆ ಸೇರಿ ಕ್ಯಾಥೊಲಿಕ್ ಸ್ಪೇನಿನ ಮೇಲೆ ಯುದ್ಧ ಸಾರಿದ.

ಯುದ್ಧಕ್ಕೆ ದುಡ್ಡು ಬೇಕು. ಹೊರಗಿನ ಸರಕು ತಡೆದು, ದೇಶದ ಕೈಗಾರಿಕೆ ಬೆಳೆಸಿ ಬೆಳ್ಳಿ ಬಂಗಾರ ಕೂಡಿಹಾಕಬೇಕು ಎನ್ನುವ ವಾಣಿಜ್ಯವಾದ ಬರುವುದು ಇಲ್ಲಿ. ಲೂಯಿಯ ಹಣಕಾಸು ಮಂತ್ರಿ ಕೋಲ್ಬೆರ್ ರಾನ್ಸ್ ಪಟ್ಟಣದ ಬಟ್ಟೆ ವ್ಯಾಪಾರಿಯ ಮಗ. ಲೋಕದ ಬೆಳ್ಳಿ ಇರುವಷ್ಟೇ, ನಮ್ಮ ಪಾಲು ಹೆಚ್ಚಬೇಕಾದರೆ ಇನ್ನೊಬ್ಬರದು ಕಡಿಮೆಯಾಗಲೇಬೇಕು ಎಂಬುದು ಅವನ ಲೆಕ್ಕ. ವೆನಿಸ್ಸಿನ ಕನ್ನಡಿ ಕುಶಲಕರ್ಮಿಗಳನ್ನು ಆಸೆ ತೋರಿಸಿ ಕರೆತಂದು 1665ರಲ್ಲಿ ಕಾರ್ಖಾನೆ ಶುರುಮಾಡಿದ; ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣಕ್ಕೆ ಕನ್ನಡಿ ಬಂದದ್ದು ಅಲ್ಲಿಂದಲೇ. (ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಹದಿನಾರನೇ ಲೂಯಿಯನ್ನು ಕಂಡದ್ದು ಇದೇ ಅರಮನೆಯಲ್ಲಿ. ಅವರೂ ಕುಶಲಕರ್ಮಿಗಳನ್ನು ಕೇಳಿದ್ದರು!) 1667ರಲ್ಲಿ ಕೋಲ್ಬೆರ್ ಹೊರಗಿನ ಬಟ್ಟೆಯ ಮೇಲೆ ಸುಂಕ ಏರಿಸಿದ. ಡಚ್ಚರ ಜೊತೆಗಿನ ಜಟಾಪಟಿ 1672ರಲ್ಲಿ ಯುದ್ಧವಾಯಿತು. 1678ರ ಒಪ್ಪಂದದಲ್ಲಿ ಅದೇ ಸುಂಕವನ್ನು ಬಿಟ್ಟುಕೊಡಬೇಕಾಯಿತು.

ಇನ್ನು ‘ನಿರಂಕುಶ’ ಎಂಬ ಪದ. ಇದನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಬೊಕ್ಕಸ ತುಂಬಲು ದೊರೆಗಳು ನ್ಯಾಯಾಧೀಶರ ಹುದ್ದೆಗಳನ್ನೇ ಮಾರುತ್ತಿದ್ದರು. 1604ರಿಂದ ವರ್ಷಕ್ಕಿಷ್ಟು ಎಂದು ಕಟ್ಟಿದರೆ ಹುದ್ದೆ ಮಗನಿಗೂ ದಕ್ಕುತ್ತಿತ್ತು. ದುಡ್ಡು ಕೊಟ್ಟು ಕೊಂಡ ಕುರ್ಚಿಯಿಂದ ಏಳು ಎನ್ನಬೇಕಾದರೆ ದುಡ್ಡು ವಾಪಸು ಕೊಡಬೇಕು. ಅದಕ್ಕೇ ಪ್ರಾಂತ್ಯಗಳಿಗೆ ಇಂಟೆಂಡೆಂಟ್ ಎಂಬ ಅಧಿಕಾರಿಗಳನ್ನು ಕಳಿಸಿದರು. ಇವರನ್ನು ಬೇಕೆಂದಾಗ ತೆಗೆಯಬಹುದಿತ್ತು. ಕುಲೀನರು ಮುಖ್ಯ ತೆರಿಗೆಯಾದ ತಾಯ್ ಕಟ್ಟುತ್ತಿರಲಿಲ್ಲ, ಹೊರೆ ರೈತನ ಬೆನ್ನಿಗೆ. ಲೂಯಿ ಕುಲೀನರನ್ನು ತುಳಿದು ಆಳಲಿಲ್ಲ. ಪಿಂಚಣಿ, ಪದವಿ ಕೊಟ್ಟು ತನ್ನ ಸುತ್ತ ಕೂರಿಸಿಕೊಂಡ.

ಧರ್ಮಯುದ್ಧ ಮುಗಿದ ಮೇಲೆ ವಾಣಿಜ್ಯ, ಅದಾದ ಮೇಲೆ ನಿರಂಕುಶತೆ ಎಂದು ಸಾಲಾಗಿ ಜೋಡಿಸಿದರೆ 1685 ಅದನ್ನು ಕೆಡಿಸುತ್ತದೆ. ಕೋಲ್ಬೆರ್ ಸತ್ತು ಎರಡು ವರ್ಷವಾಗಿತ್ತು. ಒಂದೇ ರಾಜ, ಒಂದೇ ಧರ್ಮ ಎಂಬ ಹಟಕ್ಕೆ ಬಿದ್ದು ಲೂಯಿ ನಾಂಟ್ ಶಾಸನವನ್ನು ರದ್ದುಮಾಡಿದ. ಸುಮಾರು 2 ಲಕ್ಷ ಹ್ಯೂಗೆನಾಟರು ದೇಶ ಬಿಟ್ಟರು. ನೇಕಾರರು, ಗಡಿಯಾರ ಮಾಡುವವರು, ವ್ಯಾಪಾರಿಗಳು, ಎಲ್ಲರೂ ಇದ್ದರು ಅವರಲ್ಲಿ. ಜರ್ಮನಿಯ ಬ್ರಾಂಡೆನ್‌ಬರ್ಗ್ ಸಂಸ್ಥಾನದ ದೊರೆ ಕೆಲವೇ ವಾರಗಳಲ್ಲಿ ಶಾಸನ ಹೊರಡಿಸಿ ಅವರನ್ನು ಬರಮಾಡಿಕೊಂಡ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಅವರ ರೇಷ್ಮೆ ಮಗ್ಗಗಳು ಮುಂದಿನ ಶತಮಾನವಿಡೀ ಓಡಿದವು.