ತಪ್ಪು ಮೆಕ್ಯಾನಿಕ್‌ನದ್ದು, ಹೆಸರು ಅಧಿಕಾರಿಗಳದ್ದು ಯಾಕೆ?

ಪ್ರಶ್ನೆ: ಸಣ್ಣ ವಿಮಾನ ಬಿದ್ದು ಜನ ಸತ್ತಾಗ ತನಿಖಾ ವರದಿಯಲ್ಲಿ ‘ಮೇಲುಸ್ತುವಾರಿ ಸಾಲದು’ ಅಂತ ಬರೆದಿರುತ್ತಾರೆ. ತಪ್ಪಾಗಿ ತಿರುಗಿಸಿದವನು ಮೆಕ್ಯಾನಿಕ್. ಎಲ್ಲೋ ಆಫೀಸಿನಲ್ಲಿ ಕೂತವರನ್ನು ಯಾಕೆ ಸೇರಿಸುತ್ತಾರೆ? ಸುಮ್ನೆ ತಪ್ಪು ಹಂಚುವ ಚಾಳಿ ಅಲ್ವಾ ಇದು?

ಉತ್ತರ: ವಿಮಾನ ರಿಪೇರಿಯಲ್ಲೇ ತಲೆ ನರೆತವನು ನಾನು. ಮೆಕ್ಯಾನಿಕ್ ಕಡೆ ಸ್ವಲ್ಪ ವಾಲಬಹುದು, ಅದನ್ನು ಕಳೆದು ಓದಿ.

2003ರ ಜನವರಿ 8, ಅಮೆರಿಕದ ಶಾರ್ಲೆಟ್ ವಿಮಾನ ನಿಲ್ದಾಣ. ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್‌ಕ್ರಾಫ್ಟ್ 1900ಡಿ. 19 ಸೀಟೂ ಭರ್ತಿ. ನೆಲ ಬಿಟ್ಟ ಕೂಡಲೇ ಮೂಗು ಮೇಲಕ್ಕೇರಿತು. ಪೈಲಟ್‌ಗಳು ಎಷ್ಟು ಒತ್ತಿದರೂ ಇಳಿಯಲಿಲ್ಲ. ಒಂದು ನಿಮಿಷದೊಳಗೆ ಹ್ಯಾಂಗರ್‌ಗೆ ಬಡಿದು 21 ಜನರೂ ಸತ್ತರು.

ಎರಡು ರಾತ್ರಿ ಮೊದಲು ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ ಅದರ ಎಲಿವೇಟರ್ ಕೇಬಲ್ ಬಿಗಿ ಮಾಡಿದ್ದರು. ಎಲಿವೇಟರ್ ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡಿ ವಿಮಾನದ ಮೂಗನ್ನು ಎತ್ತುವ, ಇಳಿಸುವ ಹಲಗೆ. ಕೇಬಲ್ ಬಿಗಿ ಮಾಡೋದು ಟರ್ನ್‌ಬಕಲ್‌ನಿಂದ. ಸಣ್ಣದೊಂದು ಲೋಹದ ಕೊಳವೆ, ಎರಡು ತುದಿಗೂ ಎದುರುಬದುರು ಥ್ರೆಡ್. ತಿರುಗಿಸುತ್ತಾ ಹೋದರೆ ಎರಡೂ ತುದಿ ಒಳಕ್ಕೆ ಬರುತ್ತವೆ, ಕೇಬಲ್ ಬಿಗಿಯುತ್ತದೆ. ಮೋಸ ಇರುವುದು ಇಲ್ಲೇ. ಮೂಗು ಎತ್ತಲು ಒಂದು ಕೇಬಲ್, ಇಳಿಸಲು ಇನ್ನೊಂದು. ಒಂದನ್ನೇ ಜಾಸ್ತಿ ತಿರುಗಿಸಿದರೂ ಮೀಟರ್ ಬಿಗಿ ಸರಿಯಿದೆ ಅನ್ನುತ್ತದೆ. ಆದರೆ ಎಲಿವೇಟರ್ ಆಡುವ ಜಾಗ ಒಂದು ಕಡೆಗೆ ಸರಿದಿರುತ್ತದೆ. ಈ ವಿಮಾನದಲ್ಲಿ ಮೂಗು ಇಳಿಸುವ ಕಡೆ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿತ್ತು.

ಆ ಮೆಕ್ಯಾನಿಕ್ ಈ ಮಾದರಿಯಲ್ಲಿ ಆ ಕೆಲಸ ಮಾಡಿದ್ದು ಅದೇ ಮೊದಲು. ಅವನಿಗೆ ಕಲಿಸುತ್ತಿದ್ದವನೂ, ಕೆಲಸ ಪರೀಕ್ಷಿಸಿ ಸಹಿ ಹಾಕಬೇಕಾದ ಇನ್‌ಸ್ಪೆಕ್ಟರೂ ಒಬ್ಬನೇ. ಕೈಪಿಡಿಯ ಕೆಲವು ಹಂತ ಬಿಡಲು ಒಪ್ಪಿದವನೂ ಅವನೇ. ಬಿಟ್ಟದ್ದರಲ್ಲಿ ಕೊನೆಯ ಪರೀಕ್ಷೆಯೂ ಇತ್ತು. ಅದೇನು ದೊಡ್ಡ ಕೆಲಸವಲ್ಲ. ಒಬ್ಬ ಕಾಕ್‌ಪಿಟ್‌ನಲ್ಲಿ ಕೂತು ಕಂಟ್ರೋಲ್ ಪೂರ್ತಿ ಮುಂದಕ್ಕೆ ಒತ್ತಬೇಕು, ಇನ್ನೊಬ್ಬ ಬಾಲದ ಬಳಿ ಹತ್ತಿ ಎಷ್ಟು ಡಿಗ್ರಿ ಆಡಿತು ಅಂತ ಅಳೆಯಬೇಕು.

ಇಷ್ಟೇ ಆಗಿದ್ದರೆ ನಿಮ್ಮ ಮಾತು ನಾನೂ ಒಪ್ಪುತ್ತಿದ್ದೆ. ಆದರೆ ಏರ್ ಮಿಡ್‌ವೆಸ್ಟ್ ಆ ಕೆಲಸವನ್ನು ಗುತ್ತಿಗೆ ಕೊಟ್ಟಿತ್ತು. ಗುತ್ತಿಗೆದಾರರು ಇನ್ನೊಂದು ಕಂಪನಿಯಿಂದ ಮೆಕ್ಯಾನಿಕ್‌ಗಳನ್ನು ತಂದಿದ್ದರು. ಹಂತ ಬಿಡುವುದು ಒಂದು ರಾತ್ರಿಯಲ್ಲಿ ಹುಟ್ಟುವ ಬುದ್ಧಿ ಅಲ್ಲ, ಅದೊಂದು ರೂಢಿ. ಹೋಗಿ ಪಕ್ಕದಲ್ಲಿ ನಿಂತರೆ ಯಾರಿಗಾದರೂ ಕಾಣುತ್ತದೆ, ಕಾಗದದಲ್ಲಿ ಮಾತ್ರ ಕಾಣುವುದಿಲ್ಲ. ಸಹಿ ಎಲ್ಲ ಸರಿಯಾಗಿಯೇ ಇರುತ್ತದೆ. ನಾನು ಕಂಡ ತಪಾಸಣೆಯವರು ಹೆಚ್ಚಿನವರು ಹಗಲು ಬಂದು ಫೈಲ್ ನೋಡಿ ಹೋದವರು. ನಮ್ಮ ಕೆಲಸ ಶುರುವಾಗುತ್ತಿದ್ದುದೇ ರಾತ್ರಿ!

ಅದಕ್ಕೇ ತನಿಖೆ ನಡೆಸಿದ ಎನ್‌ಟಿಎಸ್‌ಬಿ ಹಂಟಿಂಗ್ಟನ್ ಕೆಲಸದ ಮೇಲೆ ಕಣ್ಣಿಡದ ಕಂಪನಿಯನ್ನೂ, ಕಂಪನಿಯ ಮೇಲೆ ಕಣ್ಣಿಡದ ಎಫ್‌ಎಎ ಎಂಬ ಸರ್ಕಾರಿ ಸಂಸ್ಥೆಯನ್ನೂ ಹೆಸರು ಹಿಡಿದು ಹೇಳಿತು. ನನ್ನ ಪ್ರಕಾರ ಅದು ತಪ್ಪು ಹಂಚಿದ್ದಲ್ಲ. ಆ ಮೆಕ್ಯಾನಿಕ್ ಒಬ್ಬನನ್ನೇ ಮನೆಗೆ ಕಳಿಸಿದ್ದರೆ ಮಾರನೇ ರಾತ್ರಿ ಇನ್ನೊಬ್ಬ ಅದೇ ಹಂತ ಬಿಡುತ್ತಿದ್ದ.

ಪ್ರಶ್ನೆ: ಆ ರಿಪೇರಿ ಆದ ಮೇಲೂ ವಿಮಾನ ಸರಿಯಾಗಿ ಹಾರಿತ್ತಂತೆ, ಹೌದಾ? ಸಣ್ಣ ವಿಮಾನದಲ್ಲಿ ತೂಕ ಕೇಳುತ್ತಾರೆ, ಸೀಟು ಬದಲಿಸುತ್ತಾರೆ. ಮುಜುಗರವಾಗುತ್ತದೆ.

ಉತ್ತರ: ಹೌದು, ನಡುವೆ 9 ಸಲ ಹಾರಿತ್ತು. ಆ ದಿನ ಮಾತ್ರ ಬಾಲದ ಕಡೆ ಭಾರ ಮಿತಿ ಮೀರಿತ್ತು, ಉಳಿದ ಅರ್ಧ ಎಲಿವೇಟರ್ ಸಾಲಲಿಲ್ಲ. ಲೆಕ್ಕದ ಪ್ರಕಾರ ಭಾರ ಸರಿಯಿತ್ತು, ಯಾಕೆಂದರೆ ಲೆಕ್ಕ ಹಾಕಿದ್ದು ಎಫ್‌ಎಎ ಒಪ್ಪಿದ್ದ ಹಳೆಯ ಸರಾಸರಿ ತೂಕದಿಂದ. ಆಮೇಲೆ ಇಂಥ ಸಣ್ಣ ವಿಮಾನಗಳ ಬೇರೆ ಪ್ರಯಾಣಿಕರನ್ನು ತೂಗಿ ನೋಡಿದರೆ ತಲಾ ಸುಮಾರು 20 ಪೌಂಡ್, ಅಂದರೆ 9 ಕೆಜಿ, ಜಾಸ್ತಿ ಬಂತು. 19 ಜನಕ್ಕೆ ಗುಣಿಸಿ: ಇನ್ನಿಬ್ಬರು ಕೂತ ಹಾಗೆ. ದೊಡ್ಡ ವಿಮಾನಕ್ಕೆ ಇದು ಲೆಕ್ಕಕ್ಕಿಲ್ಲ, ಸಣ್ಣದಕ್ಕೆ ಪ್ರಾಣದ ವಿಷಯ.

ಹಾಗಾಗಿ ನಿಜವಾದ ತೂಕವನ್ನೇ ಹೇಳಿ, ಬ್ಯಾಗಿನದ್ದೂ ಸೇರಿಸಿ. ಮುಂದಿನ ಸೀಟಿಗೆ ಬನ್ನಿ ಅಂದರೆ ಎದ್ದು ಹೋಗಿ. ತೂಕ ಕೇಳದೆ ಹತ್ತಿಸಿಕೊಳ್ಳುವವರನ್ನು ಕಂಡರೆ ನನಗೆ ಜಾಸ್ತಿ ಭಯ.