ಎಡಿಟಿಂಗಾ, ಕ್ರಾಸಿಂಗಾ ಅನ್ನುವ ಮುಂಚೆ ಗದ್ದೆಯ ಪಿಎಚ್ ನೋಡಿ

2025ರಲ್ಲಿ ಜೀನ್ ಎಡಿಟಿಂಗ್ ಮಾಡಿ, ಅಂದರೆ ಗಿಡದ ಜೀನನ್ನೇ ತಿದ್ದಿ ತಯಾರಿಸಿದ ಪೂಸಾ ಡಿಎಸ್‌ಟಿ ರೈಸ್ 1 ಭತ್ತ ಬಂದಾಯಿತು, ಉಪ್ಪು ತಡೆಯುವ ಭತ್ತ ಮಾಡಲು ಇನ್ನೂ ಎರಡು ತಳಿ ಕೂಡಿಸುವ ಕ್ರಾಸಿಂಗ್ ಕಲಿಯಬೇಕಾ, ಸೀದಾ ಜೀನ್ ಎಡಿಟಿಂಗ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಕುಣಿಗಲ್ ಕಡೆಯ ನಿಮ್ಮ ಗದ್ದೆ ಚೌಳಾಗಿದೆ ಅಂತಲೂ ಬರೆದಿದ್ದೀರಿ. ನಮ್ಮದೂ ತುಮಕೂರು ಜಿಲ್ಲೆಯೇ. ಕೆರೆ ಕೆಳಗಿನ ನಮ್ಮ ಗದ್ದೆ ಹಾಳಾಗಿದ್ದಕ್ಕೇ ನಾನು ಪಿಎಚ್‌.ಡಿ.ಗೆ ಸೇರಿದ್ದು.

ಆಗ ಎಲ್ಲರ ಬಾಯಲ್ಲೂ ಸಾಲ್ಟಾಲ್. ಭತ್ತದ 1ನೇ ಕ್ರೋಮೋಸೋಮಿನಲ್ಲಿರುವ ಭಾಗ ಅದು, ಉಪ್ಪು ನೆಲದಲ್ಲೂ ಬೆಳೆಯುವ ಕೇರಳದ ಪೊಕ್ಕಾಳಿ ಭತ್ತದಿಂದ ಬಂದದ್ದು. ಬೇರಿನಿಂದ ಮೇಲೇರುವ ಸೋಡಿಯಂ ಎಲೆ ತಲುಪದಂತೆ ದಾರಿಯಲ್ಲೇ ತಡೆಯುವ ಎಚ್‌ಕೆಟಿ ಜೀನ್ ಅಲ್ಲಿದೆ. ಪೊಕ್ಕಾಳಿ ತುಂಬಾ ಎತ್ತರ. ಅದಕ್ಕೆ ಅದರ ಸಂತತಿಯಾದ ಗಿಡ್ಡ ತಳಿ ಎಫ್‌ಎಲ್ 478 ಅನ್ನು ಉಪ್ಪು ತಡೆಯದ ಐಆರ್ 64 ತಳಿಗೆ ಕ್ರಾಸ್ ಮಾಡಿದೆ. ಸಂಜೆ ಒಂದೊಂದೇ ಹೂವಿನ ತುದಿ ಕತ್ತರಿಸಿ, ಒಳಗಿನ ಆರು ಕೇಸರಗಳನ್ನು ಚಿಮಟದಲ್ಲಿ ಎತ್ತಿ, ಬಟರ್ ಪೇಪರ್ ಚೀಲ ಕಟ್ಟುವುದು. ಮರುದಿನ ಬಿಸಿಲೇರುವಾಗ ಗಂಡು ತೆನೆಯನ್ನು ಅದರ ಮೇಲೆ ಒದರುವುದು. ಹುಟ್ಟಿದ ಸಸಿಗಳಲ್ಲಿ ಆರ್‌ಎಂ 3412 ಮಾರ್ಕರ್ (ಸಾಲ್ಟಾಲ್ ಬಂದಿದೆಯೇ ಅಂತ ತೋರಿಸುವ ಡಿಎನ್‌ಎ ಗುರುತು) ನೋಡಿ, ಸಾಲ್ಟಾಲ್ ಇದ್ದವನ್ನು ಮಾತ್ರ ಮತ್ತೆ ಐಆರ್ 64ಕ್ಕೇ ಕ್ರಾಸ್ ಮಾಡುವುದು.

ಲ್ಯಾಬ್ ಟ್ರೇನಲ್ಲಿ ಉಪ್ಪು ಹಾಕಿ, ಇಸಿ, ಅಂದರೆ ನೀರಲ್ಲಿ ಕರಗಿದ ಉಪ್ಪಿನ ಅಳತೆ, 12ಕ್ಕೆ ಏರಿಸಿದೆ. ಐಆರ್ 64 ಸುರುಟಿ ಹೋಯಿತು, ನನ್ನ ಸಸಿಗಳು ಹಸಿರಾಗೇ ನಿಂತವು. ಆ ಧೈರ್ಯದಲ್ಲಿ ನಮ್ಮ ಗದ್ದೆಯಲ್ಲೇ ನಾಟಿ ಮಾಡಿಸಿದೆ. ಕೆಲವೇ ವಾರಗಳಲ್ಲಿ ಎಲ್ಲ ಹಳದಿ ತಿರುಗಿ ಕುಂಟಿದವು.

ನನ್ನ ತಪ್ಪು ಇಲ್ಲೇ. ನಾನು ಟ್ರೇಗೆ ಹಾಕಿದ್ದು ಅಡುಗೆ ಉಪ್ಪು, ಸೋಡಿಯಂ ಕ್ಲೋರೈಡ್. ನಮ್ಮ ಗದ್ದೆಯಲ್ಲಿದ್ದದ್ದು ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್. ಇಸಿ 4ರ ಒಳಗೇ ಇತ್ತು, ಪಿಎಚ್, ಅಂದರೆ ಕ್ಷಾರದ ಅಳತೆ, 9 ದಾಟಿತ್ತು. ಎರಡಕ್ಕೂ ನಾವು ಚೌಳು ಅಂತಲೇ ಅನ್ನುತ್ತೇವೆ, ಆದರೆ ಗಿಡಕ್ಕೆ ಅವು ಬೇರೆ ಬೇರೆ ಕಾಯಿಲೆ. ಅಷ್ಟು ಪಿಎಚ್‌ನಲ್ಲಿ ಸತು, ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣಿನ ಕಣ ಕದಡಿ ಹೋಗಿ ನೀರು ಇಂಗುವುದಿಲ್ಲ. ಸೋಡಿಯಂ ತಡೆಯುವ ಜೀನ್ ಒಂದೇ ಇದ್ದು ಏನು ಮಾಡೀತು? ಗದ್ದೆಯಲ್ಲಿ ನಿಂತ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು. ಅದು ಏರಿದ ಪಿಎಚ್‌ನ ಗುರುತು ಅಂತ ಆಮೇಲೆ ತಿಳಿಯಿತು. ಥೀಸಿಸ್ಸಿನ ಅರ್ಧ ಮತ್ತೆ ಮಾಡಬೇಕಾಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಡಿಎಸ್‌ಟಿ ರೈಸ್ ಆಗಿದ್ದು ಎಂಟಿಯು 1010 ತಳಿಯಲ್ಲಿ. ಆ ಗುಣ ನಿಮ್ಮೂರಿನ ತಳಿಗೆ ಬರಬೇಕಾದರೆ ಮತ್ತೆ ಎಡಿಟ್ ಮಾಡಬೇಕು, ಇಲ್ಲ ಕ್ರಾಸ್ ಮಾಡಬೇಕು. ಎಡಿಟ್ ಮಾಡಿದ ಗಿಡವೂ ಕೊನೆಗೆ ಹೊಲದಲ್ಲೇ ಪಾಸಾಗಬೇಕು, ಅಲ್ವಾ? ಕ್ರಾಸಿಂಗ್ ಕಲಿಯಿರಿ. ಹೊಲದಲ್ಲಿ ಗಿಡ ನೋಡುವ ಕಣ್ಣು ಅಲ್ಲೇ ಬರುವುದು. ಸಾಲ್ಟಾಲ್ ಮುಖ್ಯವಾಗಿ ಸಸಿ ಹಂತದಲ್ಲಿ ಕಾಯುತ್ತದೆ. ಹೂ ಬಿಡುವಾಗಲೂ ಬೇರೆಯಾಗಿ ಪರೀಕ್ಷೆ ಮಾಡಲೇಬೇಕು.

ಈಗ ಮಾಡಬೇಕಾದ್ದು ಇಷ್ಟು. ಗದ್ದೆಯ ಮಣ್ಣು, ಬೋರ್‌ವೆಲ್ ನೀರು ಎರಡನ್ನೂ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆಗೆ ಕೊಡಿ. ಪಿಎಚ್ 8.5 ದಾಟಿ ಇಸಿ ಕಡಿಮೆ ಇದ್ದರೆ ಕರ್ನಾಲ್‌ನ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ, ಕ್ಷಾರ ತಡೆಯುವ ಸಿಎಸ್‌ಆರ್ 36ರಂಥ ತಳಿಗಳನ್ನು ಕ್ರಾಸಿಂಗ್‌ನಲ್ಲಿ ಗುಣ ಕೊಡುವ ದಾನಿಯಾಗಿ ಯೋಚಿಸಿ, ಪೊಕ್ಕಾಳಿಯ ಹಿಂದೆ ಸುಮ್ನೆ ಓಡಬೇಡಿ. ಜೊತೆಗೆ ಮಣ್ಣಿನ ಸೋಡಿಯಂ ಇಳಿಸಲು ಜಿಪ್ಸಂ ಎಷ್ಟು ಬೇಕು ಅಂತಲೂ ಕೇಳಿ ಬನ್ನಿ. ನಿಮ್ಮ ತಳಿ ಬರುವವರೆಗೆ ಮನೆಯವರು ಊಟಕ್ಕಾದರೂ ಬೆಳೆಯಬೇಕಲ್ಲ.