ಚಳಿಗಾಲದಲ್ಲಿ ಹಾಸಿಗೆಯಲ್ಲಿ ಕೂತು ಓದುವಾಗ ಬೆನ್ನು, ಭುಜ ತಣ್ಣಗಾಗುತ್ತದೆ. ಏನು ಮಾಡಬೇಕು?

ಎದ್ದು ಕೂತ ಕೂಡಲೇ ಹೊದಿಕೆ ಸೊಂಟಕ್ಕೆ ಜಾರುತ್ತದೆ, ಅಲ್ವಾ? ಅದಕ್ಕಿಂತ ಜಾಸ್ತಿ ಚಳಿ ಕೊಡುವುದು ಹಿಂದಿನ ಗೋಡೆ. ಮಡಿಕೇರಿಯ ನಮ್ಮ ಮನೆಯಲ್ಲಿ ಡಿಸೆಂಬರ್ ರಾತ್ರಿ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ; ಒರಗಿದರೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬೆನ್ನಿಗೆ ದಪ್ಪ ದಿಂಬು ಇಡಿ. ಆಮೇಲೆ ಕುರಿ ಉಣ್ಣೆಯ ಕಂಬಳಿಯನ್ನು ಹಿಂದಿನಿಂದ ಭುಜದ ಮೇಲೆ ಹೊದ್ದು, ಎರಡೂ ತುದಿಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ. ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿ ಚುಚ್ಚುತ್ತದೆ, ನಿಜ. ಒಳಗೊಂದು ಹಳೆ ಹತ್ತಿ ಸೀರೆ ಹೊದ್ದುಕೊಂಡರೆ ಆಯಿತು. ಎಳೆಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು, ತೀರಾ ಬಿಗಿಯಾಗಿ ಸುತ್ತಬೇಡಿ. ಕಾಲಿಗೆ ಬಿಸಿನೀರಿನ ಚೀಲ ಸಾಕು, ಬಟ್ಟೆ ಸುತ್ತಿ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಮಾತ್ರ ಬೇಡವೇ ಬೇಡ. ಕೆಂಡದಿಂದ ಬರುವ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.